ಕೈ ಮೇಲಿನ ಕಾಫಿ ಕಪ್ಪು: ಅಳಿಸೋದಾ, ಮುಚ್ಚಿಸೋದಾ?

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನನಗೆ ಮೂವತ್ನಾಲ್ಕು ವರ್ಷ, ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. 2017ರಲ್ಲಿ ನಾವು ಮೂವರು ಗೆಳೆಯರು ಸೇರಿ ಶಿವಮೊಗ್ಗದಲ್ಲಿ ಒಂದು ಕೆಫೆ ತೆರೆದೆವು. ಅದೇ ಖುಷಿಯಲ್ಲಿ ಬೆಂಗಳೂರಿಗೆ ಹೋಗಿ ಮೂವರೂ ಬಲ ಮುಂಗೈ ಮೇಲೆ ಕೆಫೆಯ ಲೋಗೋ, ಅಂದರೆ ಒಂದು ಕಾಫಿ ಕಪ್ಪು-ಬಸಿಯ ಚಿತ್ರ, ಟ್ಯಾಟೂ ಹಾಕಿಸಿಕೊಂಡೆವು. 2020ರ ಲಾಕ್‌ಡೌನಿನಲ್ಲಿ ಕೆಫೆ ಮುಚ್ಚಿತು. ಲೆಕ್ಕಕ್ಕೆ ಕೂತಾಗ ಒಬ್ಬ ಗೆಳೆಯ ಸಾಲವನ್ನೆಲ್ಲ ನನ್ನ ತಲೆಗೆ ಕಟ್ಟಿ ಹೋದ. ಸಾಲ ತೀರಿದೆ, ಲೋಗೋ ಹಾಗೇ ಇದೆ. ಅಡಿಕೆ ಮಂಡಿಗೆ ಹೋದಾಗ ಯಾರಾದರೂ 'ಇದೇನ್ರಿ ಕೈ ಮೇಲೆ ಕಪ್ಪು-ಬಸಿ' ಅಂದರೆ ಮೈ ಉರಿಯುತ್ತೆ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕಿಕೊಳ್ಳುತ್ತೇನೆ. ಟ್ಯಾಟೂ ಕಲಾವಿದರೊಬ್ಬರು ಹುಲಿ ಮುಖ ಹಾಕಿ ಮುಚ್ಚೋಣ ಅಂದರು. ಲೇಸರ್ ಕ್ಲಿನಿಕ್ಕೊಂದರಲ್ಲಿ ಎಂಟು ಸಿಟ್ಟಿಂಗ್, ಈಗಲೇ ಪೂರ್ತಿ ಕಟ್ಟಿದರೆ ರಿಯಾಯಿತಿ ಅಂದರು. ನಮ್ಮ ಚಿಕ್ಕಪ್ಪ ಗುಡ್ಡೇಗೇರಿನ ಎಣ್ಣೆ ಹಚ್ಚು ಅನ್ನುತ್ತಾರೆ. ಅಮ್ಮ, ಅಜ್ಜಿಯ ಹಚ್ಚೆ ಮಸುಕಾಗಿಲ್ವಾ, ಇದೂ ಆಗುತ್ತೆ ಬಿಡು ಅನ್ನುತ್ತಾಳೆ. ಹೆಂಡತಿ ಇರಲಿ ಬಿಡಿ ಅನ್ನುತ್ತಾಳೆ. ಮಾರ್ಗಶಿರದಲ್ಲಿ ತಂಗಿ ಮದುವೆ. ಅಷ್ಟರೊಳಗೆ ಏನಾದರೊಂದು ಮಾಡಬೇಕು. ಯಾವುದು ಮಾಡಲಿ?"

ಸಂಪಾದಕರ ಉತ್ತರ

ಮೊದಲು ಎಣ್ಣೆಯ ವಿಷಯ ಮುಗಿಸಿಬಿಡೋಣ. ಪತ್ರದಲ್ಲಿರುವ ಸಲಹೆಗಳಲ್ಲಿ ಯಾರನ್ನೂ ಕೇಳದೆ, ದುಡ್ಡು ಕೊಡದೆ, ಇವತ್ತು ರಾತ್ರಿಯೇ ಮಾಡಿಕೊಂಡುಬಿಡಬಹುದಾದದ್ದು ಅದೊಂದೇ. ಅದಕ್ಕೇ ನನಗೆ ಭಯ.

ಗುಡ್ಡೇಗೇರಿನ ಸೊನೆ ಎಂಥದ್ದು ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದೇ ಕಾಯಿಯಿಂದ, ಎಷ್ಟು ಒಗೆದರೂ ಹೋಗದ ಕಪ್ಪು ಅದು. ಅಳಿಸೋಕೆ ಅದನ್ನೇ ಹಚ್ಚು ಅನ್ನುತ್ತಾರಲ್ಲ, ನಿಮ್ಮ ಚಿಕ್ಕಪ್ಪನ ಧೈರ್ಯ ದೊಡ್ಡದು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತೆ, ಕೀವಾಗುತ್ತೆ, ಕಲೆ ಉಳಿಯುತ್ತೆ. ಸುಣ್ಣ-ಸೋಡಾ ಕಲಸಿ ಹಚ್ಚೋದು, ಉಪ್ಪು ಹಾಕಿ ಉಜ್ಜೋದು, ಆನ್‌ಲೈನಿನಲ್ಲಿ ಬರುವ ಆಸಿಡ್ ಕ್ರೀಮು, ಎಲ್ಲದರ ಕಥೆಯೂ ಇಷ್ಟೇ. ಶಾಯಿ ಇರುವುದು ಮೇಲಿನ ಚರ್ಮದಲ್ಲಿ ಅಲ್ಲ. ಸೂಜಿ ಒಂದೆರಡು ಮಿಲಿಮೀಟರ್ ಒಳಗೆ ಹೋಗಿ ಎರಡನೇ ಪದರದಲ್ಲಿ ಅದನ್ನು ಬಿಟ್ಟಿದೆ. ಅಷ್ಟು ಆಳಕ್ಕೆ ಸುಟ್ಟರೆ ಟ್ಯಾಟೂ ಜಾಗದಲ್ಲಿ ಸುಟ್ಟ ಗಾಯದ ಗುರುತು ಬರುತ್ತೆ, ಅಷ್ಟು ಸುಡದಿದ್ದರೆ ಗಾಯವೂ ಇರುತ್ತೆ, ಕಪ್ಪೂ ಇರುತ್ತೆ. ಆಮೇಲೆ ಲೇಸರ್‌ಗೆ ಹೋದರೂ ಗಟ್ಟಿಯಾದ ಕಲೆಯೊಳಗಿನ ಶಾಯಿ ತೆಗೆಯುವುದು ಇನ್ನೂ ಕಷ್ಟ. ಎಣ್ಣೆ ಮುಟ್ಟಬೇಡಿ.

ಅಮ್ಮ ಹೇಳಿದ್ದು ಅರ್ಧ ನಿಜ. ಅಜ್ಜಿಯ ಕಾಲದ ಹಚ್ಚೆ ದೀಪದ ಮಸಿಯದ್ದು, ಕೈಯಲ್ಲಿ ಚುಚ್ಚಿದ್ದು. ಶಾಯಿ ಕಡಿಮೆ, ಆಳವೂ ಒಂದೇ ಸಮ ಇರುತ್ತಿರಲಿಲ್ಲ. ನಲವತ್ತು ಐವತ್ತು ವರ್ಷ ಗದ್ದೆ ಬಿಸಿಲಲ್ಲಿ ಕೆಲಸ ಮಾಡಿದ ಕೈಯಲ್ಲಿ ಅದು ಹಸಿರಾಗಿ ಹರಡಿಕೊಂಡಿದೆ, ಅಷ್ಟೇ, ಹೋಗಿಲ್ಲ. ನಿಮ್ಮದು ಮೆಷೀನಿನದ್ದು. ನೀವು ಅರವತ್ತಾಗುವಾಗಲೂ ಅದು ಕಪ್ಪು-ಬಸಿ ಅಂತ ಗೊತ್ತಾಗುವಷ್ಟು ಇದ್ದೇ ಇರುತ್ತೆ, ಗೆರೆ ಸ್ವಲ್ಪ ದಪ್ಪವಾಗಿರುತ್ತೆ ಅಷ್ಟೇ.

ಹೆಂಡತಿಯ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತಿದ್ದೆ, ಆ ತುಂಬು ತೋಳಿನ ಅಂಗಿಯ ಸಾಲು ಓದದೇ ಇದ್ದಿದ್ದರೆ. ಟ್ಯಾಟೂ ಇಷ್ಟ ಇಲ್ಲ, ಆದರೆ ನೆನಪೂ ಆಗೋಲ್ಲ ಅನ್ನುವವರಿಗೆ ಸುಮ್ನೆ ಬಿಟ್ಟುಬಿಡೋದೇ ಸರಿಯಾದ ಉತ್ತರ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಂಡಿಯ ತಗಡಿನ ಚಾವಣಿ ಕೆಳಗೆ ತೋಳು ಗುಂಡಿ ಹಾಕಿಕೊಂಡು ನಿಲ್ಲುವ ಮನುಷ್ಯ ಅದನ್ನು ಬಿಟ್ಟಿಲ್ಲ. ಏನಾದರೊಂದು ಮಾಡಿ, ಒಪ್ಪಿದೆ.

ಇನ್ನು ಉಳಿದದ್ದು ಲೇಸರ್ ಮತ್ತು ಹುಲಿ. ನೀವು ಇವೆರಡನ್ನೂ ತಕ್ಕಡಿಯ ಆಚೆ ಈಚೆ ಇಟ್ಟು ಯಾವುದು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲಿ ಕೇಳಬೇಕಾದದ್ದು ಯಾವುದು ಮೊದಲು ಅಂತ. ಲೇಸರ್ ಶುರು ಮಾಡಿ ಎರಡು ಮೂರು ಸಿಟ್ಟಿಂಗ್ ಆದ ಮೇಲೆ ಸಾಕು ಅನ್ನಿಸಿದರೆ ನಿಲ್ಲಿಸಬಹುದು. ಆಗಲೂ ಮೇಲೆ ಬೇರೆ ಚಿತ್ರ ಹಾಕಿಸಬಹುದು, ಇನ್ನೂ ಚೆನ್ನಾಗಿ ಹಾಕಿಸಬಹುದು. ಹುಲಿ ಮೊದಲು ಹಾಕಿಸಿದಿರೋ, ಲೋಗೋದ ಶಾಯಿಯ ಜೊತೆಗೆ ಹುಲಿಯ ಶಾಯಿಯೂ ಸೇರಿ ಮೂರು ಪಾಲು ದೊಡ್ಡದಾದ, ದಟ್ಟವಾದ ಒಂದು ಹೊಸ ಟ್ಯಾಟೂ ಕೈಮೇಲೆ ಬರುತ್ತೆ, ನಾಳೆ ಅದೂ ಬೇಡ ಅನ್ನಿಸಿದರೆ ಲೇಸರ್ ಡಾಕ್ಟರ ಮುಂದೆ ಈಗಿರುವುದಕ್ಕಿಂತ ಎಷ್ಟೋ ಪಾಲು ದೊಡ್ಡ ಕೆಲಸ ಇರುತ್ತೆ. 2009ರಲ್ಲಿ ಅಮೆರಿಕದ ಚರ್ಮವೈದ್ಯರು ಕರ್ಬಿ–ದೇಸಾಯಿ ಮಾಪಕ ಅಂತ ಒಂದು ಲೆಕ್ಕ ಮಾಡಿಟ್ಟಿದ್ದಾರೆ. ಚರ್ಮದ ಬಣ್ಣ, ದೇಹದ ಯಾವ ಜಾಗ, ಯಾವ ಬಣ್ಣದ ಶಾಯಿ, ಎಷ್ಟು ಶಾಯಿ, ಕಲೆ ಇದೆಯಾ, ಒಂದರ ಮೇಲೊಂದು ಹಾಕಿದ್ದಾ, ಇವಕ್ಕೆಲ್ಲ ಅಂಕ ಕೊಟ್ಟು ಕೂಡಿದರೆ ಸುಮಾರು ಎಷ್ಟು ಸಿಟ್ಟಿಂಗ್ ಬೇಕಾದೀತು ಅಂತ ಅಂದಾಜು ಸಿಗುತ್ತೆ. ಹುಲಿ ಹಾಕಿಸಿದರೆ ಕಡೇ ಪಕ್ಷ ಎರಡು ಕಡೆ ನಿಮ್ಮ ಅಂಕ ಏರುತ್ತೆ.

ಹಳೇ ಟ್ಯಾಟೂ ಮೇಲೆ ಹೊಸದು ಹಾಕಿ ಮುಚ್ಚುವ ಕವರಪ್ ಅಂದ ತಕ್ಷಣ ನಾವೆಲ್ಲ ಹಳೇ ಗೋಡೆಗೆ ಹೊಸ ಬಣ್ಣ ಹೊಡೆದ ಹಾಗೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಹೊಸ ಶಾಯಿ ಹಳೆಯದರ ಮೇಲೆ ಕೂರುವುದಿಲ್ಲ, ಅದೇ ಪದರಕ್ಕೆ ಹೋಗಿ ಅದರ ಜೊತೆ ಬೆರೆತುಕೊಳ್ಳುತ್ತೆ. ಕಪ್ಪು ಶಾಯಿಯ ಮೇಲೆ ಹಳದಿ ಹಾಕಿದರೆ ಕಪ್ಪೇ ಕಾಣುತ್ತೆ. ಅದಕ್ಕೇ ಕವರಪ್ ಯಾವಾಗಲೂ ಹಳೆಯದಕ್ಕಿಂತ ಕಪ್ಪಗೆ, ಹಳೆಯದಕ್ಕಿಂತ ದೊಡ್ಡದಾಗಿ ಇರಬೇಕು. ಆ ಕಲಾವಿದರು ಹುಲಿ ಅಂದದ್ದೂ ಸುಮ್ನೆ ಅಲ್ಲ. ಪಟ್ಟೆ, ಕೂದಲು, ನೆರಳು ಇರುವ ಚಿತ್ರದಲ್ಲಿ ಹಳೇ ಗೆರೆಗಳನ್ನು ಎಲ್ಲಾದರೂ ಅಡಗಿಸಬಹುದು. ನೀವು ಪತ್ರದ ಜೊತೆ ಕಳಿಸಿದ ಫೋಟೋ ನೋಡಿದರೆ ಲೋಗೋದ ಹೊರಗಿನ ಕಪ್ಪು ಉಂಗುರ ತುಂಬಾ ದಪ್ಪ ಇದೆ, ಬೆರಳು ಆಡಿಸಿದರೆ ಉಬ್ಬು ಸಿಗುತ್ತೆ ಅಂತಲೂ ಬರೆದಿದ್ದೀರಿ. ಉಬ್ಬನ್ನು ಯಾವ ಶಾಯಿಯೂ ಮುಚ್ಚುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಹುಲಿಯ ಕೆನ್ನೆ ಮೇಲೆ ಒಂದು ಬಸಿಯ ಅಂಚು ಕಾಣಿಸುತ್ತೆ. ಆಮೇಲೆ ಇನ್ನೊಂದು ಮಾತು, ಇದು ಶಾಯಿಗೆ ಸಂಬಂಧಿಸಿದ್ದಲ್ಲ: ಕೈ ಮೇಲಿನ ಚಿತ್ರದ ಬಗ್ಗೆ ಜನ ಕೇಳುತ್ತಾರೆ ಅನ್ನುವುದೇ ನಿಮ್ಮ ಕಷ್ಟ. ಮೊಣಕೈವರೆಗೆ ಹುಲಿ ಬಂದರೆ ಮಂಡಿಯಲ್ಲಿ ಕೇಳುವವರು ಕಡಿಮೆಯಾಗುತ್ತಾರಾ?

ಲೇಸರ್ ಏನು ಮಾಡುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಕ್ಲಿನಿಕ್ಕಿನಲ್ಲಿ ಯಾರೂ ನಿಮಗೆ ಟೋಪಿ ಹಾಕೋಕಾಗಲ್ಲ. ಚರ್ಮದಲ್ಲಿ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳಿವೆ. ಹೊರಗಿನಿಂದ ಬಂದ ಕಸ ನುಂಗುವುದು ಅವುಗಳ ಕೆಲಸ. ಶಾಯಿಯನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳೋಕಾಗದೆ ಹಾಗೇ ಇಟ್ಟುಕೊಂಡು ಕೂತಿರುತ್ತವೆ. ಆ ಕೋಶ ಸತ್ತರೆ ಶಾಯಿ ಹೋಗಬೇಕಲ್ವಾ? ಹೋಗಲ್ಲ. ಫ್ರಾನ್ಸಿನ ಮಾರ್ಸೇಲ್‌ನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ 2018ರಲ್ಲಿ ತೋರಿಸಿದರು: ಸತ್ತ ಕೋಶ ಬಿಟ್ಟ ಶಾಯಿಯನ್ನು ಹೊಸ ಕೋಶ ಬಂದು ನುಂಗಿ ಅಲ್ಲೇ ಕೂರುತ್ತೆ. ಲೇಸರ್ ಮಾಡುವುದು ಈ ಶಾಯಿ ಕಣಗಳನ್ನು ಒಡೆದು ಪುಡಿ ಮಾಡುವ ಕೆಲಸ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅಂಥ ಕೆಲವೇ ಭಾಗದಷ್ಟು ಹೊತ್ತು ಬೆಳಕು ಬಡಿಯುತ್ತೆ, ಪಿಕೋ ಲೇಸರ್ ಆದರೆ ಇನ್ನೂ ಕಡಿಮೆ ಹೊತ್ತು. ಪುಡಿಯಾದದ್ದನ್ನು ಹೊರಗೆ ಸಾಗಿಸುವುದು ಮೆಷೀನ್ ಅಲ್ಲ, ನಿಮ್ಮ ಮೈ. ಅದಕ್ಕೆ ವಾರಗಟ್ಟಲೆ ಬೇಕು. ಒಂದು ಸಿಟ್ಟಿಂಗಿಗೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡಬೇಕು ಅನ್ನುವುದು ಇದಕ್ಕೇ. 'ನಿಮಗೆ ಅರ್ಜೆಂಟ್ ಇದ್ದರೆ ಹದಿನೈದು ದಿನಕ್ಕೊಂದು ಮಾಡೋಣ' ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಸಿಗರೇಟು ಸೇದುತ್ತೀರಾ ಅಂತ ಬರೆದಿಲ್ಲ. 2012ರಲ್ಲಿ ಇಟಲಿಯಿಂದ ಬಂದ ಒಂದು ಅಧ್ಯಯನದಲ್ಲಿ ಸೇದುವವರ ಟ್ಯಾಟೂ ಅಳಿಯುವುದು ಎದ್ದು ಕಾಣುವಷ್ಟು ನಿಧಾನವಾಗಿತ್ತು. ಸೇದುತ್ತಿದ್ದರೆ ಬಿಡೋಕೆ ಇದೂ ಒಂದು ನೆಪ ಆಗಲಿ.

ಈಗ ನಿಮ್ಮ ಲೋಗೋಗೇ ಬರೋಣ. ಕಪ್ಪು ಉಂಗುರ, ತಿಳಿ ಕಂದು ಬಣ್ಣದ ಕಾಫಿ ಕಪ್ಪು, ಪಕ್ಕದಲ್ಲಿ ಹಸಿರು ಎಲೆ, ಮೇಲೆ ಬಿಳಿ ಬಣ್ಣದ ಹಬೆ. ಇವು ನಾಲ್ಕೂ ನಾಲ್ಕು ಥರ ನಡೆದುಕೊಳ್ಳುತ್ತವೆ. ಕಪ್ಪು ಬಣ್ಣ ಸುಲಭ. ಅದಕ್ಕೆ ಬಳಸುವುದು 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ನಮ್ಮಂಥ ಕಂದು ಚರ್ಮಕ್ಕೆ ಇದ್ದದ್ದರಲ್ಲಿ ಸುರಕ್ಷಿತ. ಹಸಿರು ಹಠಮಾರಿ. ಅದಕ್ಕೆ 755 ನ್ಯಾನೋಮೀಟರಿನ ಬೇರೆ ಲೇಸರ್ ಬೇಕು, ಎಲ್ಲ ಕ್ಲಿನಿಕ್ಕಿನಲ್ಲೂ ಅದು ಇರಲ್ಲ, ಇದ್ದರೂ ಆ ಬೆಳಕನ್ನು ನಮ್ಮ ಚರ್ಮದ ಸ್ವಂತ ಬಣ್ಣವೂ ಹೀರಿಕೊಳ್ಳುವುದರಿಂದ ಜಾಗ ಬೆಳ್ಳಗಾಗುವ ಅಥವಾ ಕಪ್ಪಾಗುವ ಅಪಾಯ ಜಾಸ್ತಿ. ನಿಮ್ಮ ಎಲೆ ಪೂರ್ತಿ ಹೋಗದೆ ಒಂದು ಮಂಕು ಹಸಿರಾಗಿ ನಿಲ್ಲಬಹುದು. ಇದಕ್ಕೆ ಈಗಲೇ ಸಿದ್ಧರಾಗಿ.

ನನಗೆ ನಿಜವಾಗಿ ಚಿಂತೆ ಇರುವುದು ಹಬೆಯದ್ದು. ಬಿಳಿ ಶಾಯಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತೆ, ತಿಳಿ ಕಂದಿನಲ್ಲಿ ಅದರ ಜೊತೆಗೆ ಕಬ್ಬಿಣದ ಆಕ್ಸೈಡೂ ಇರಬಹುದು. ಲೇಸರ್ ಬಿದ್ದ ಕ್ಷಣದಲ್ಲೇ ಇವು ಕಪ್ಪಗೆ ತಿರುಗಬಹುದು. ಅಳಿಸೋಕೆ ಹೋಗಿ ಬಿಳಿ ಹಬೆ ಕಪ್ಪು ಹೊಗೆಯಾದರೆ ಗಾಬರಿಯಾಗುತ್ತೆ. ಹಾಗಾದರೂ ಮುಂದಿನ ಸಿಟ್ಟಿಂಗುಗಳಲ್ಲಿ ತೆಗೆಯೋಕೆ ಪ್ರಯತ್ನ ಮಾಡಬಹುದು, ಕೆಲಸ ಹೆಚ್ಚುತ್ತೆ ಅಷ್ಟೇ. ಹಾಗಾಗಿ ಹಬೆಯ ಒಂದು ಮೂಲೆಯಲ್ಲಿ ಸಣ್ಣ ಚುಕ್ಕೆಯಷ್ಟು ಜಾಗಕ್ಕೆ ಹೊಡೆದು, ಕೆಲವು ವಾರ ಕಾದು ನೋಡಿ ಮುಂದುವರಿಯಿರಿ ಅಂತ ನೀವೇ ಡಾಕ್ಟರಿಗೆ ಹೇಳಿ. ಒಂಬತ್ತು ವರ್ಷ ಹಿಂದಿನ ಬಿಳಿ ಈಗ ಮಾಸಿ ಚರ್ಮದ ಬಣ್ಣಕ್ಕೇ ತಿರುಗಿರಬಹುದು, ನೋಡಿದ ತಕ್ಷಣ ಅಲ್ಲಿ ಬಿಳಿ ಇತ್ತು ಅಂತ ಅವರಿಗೆ ಗೊತ್ತಾಗದೇ ಹೋಗಬಹುದು. ಹಾಕಿಸಿದ ದಿನದ ಫೋಟೋ ಫೋನಿನಲ್ಲಿ ಇನ್ನೂ ಇದ್ದರೆ ತೆಗೆದುಕೊಂಡು ಹೋಗಿ. ಆ ಫೋಟೋದಲ್ಲಿ ಮೂವರೂ ಇರುತ್ತೀರಿ, ಗೊತ್ತು. ಕ್ರಾಪ್ ಮಾಡಿ.

ದಿನ ಯಾವುದು? ಮಳೆಗಾಲ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಬಿಸಿಲು ಕಡಿಮೆ, ಬಿಸಿಲಿಗೆ ಕಂದಿದ ಚರ್ಮದ ಮೇಲೆ ಲೇಸರ್ ಹಾಕಿಸಬಾರದು ಅನ್ನುವುದು ನಿಜ. ಆದರೆ ಹಾಗೆ ಹೇಳುವವರಿಗೆ ಅಡಿಕೆ ತೋಟ ಇಲ್ಲ. ನಿಮ್ಮ ಪತ್ರ ಬಂದದ್ದು ಆರಿದ್ರಾ ಮಳೆಯಲ್ಲಿ. ಅಡಿಕೆಗೆ ಕೊಳೆರೋಗದ ಮೊದಲನೇ ಔಷಧಿ ಹೊಡೆದಾಗಿರಬೇಕು, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು ಬರುತ್ತೆ. ಮರ ಹತ್ತುವವರು ಬೇರೆ ಇದ್ದರೂ ಬ್ಯಾರಲ್ ಹತ್ತಿರ ನಿಂತು ಮೈಲುತುತ್ತ ಸುಣ್ಣ ಕದಡುವುದು ನೀವೇ ಅಲ್ವಾ? ಲೇಸರ್ ಆದ ಕೈ ಮೊದಲ ಕೆಲವು ದಿನ ಬೊಬ್ಬೆ ಏಳುತ್ತೆ, ಆಮೇಲೆ ಹಕ್ಕಳೆ ಕಟ್ಟುತ್ತೆ, ಉದುರಿ ಸರಿಯಾಗೋಕೆ ಎರಡು ವಾರ ಹಿಡಿಯುತ್ತೆ. ಅಷ್ಟು ದಿನ ಆ ಜಾಗಕ್ಕೆ ಆ ಔಷಧಿ, ಅದೇ ಬೋರ್ಡೋ ದ್ರಾವಣ, ಸಿಡಿಯಬಾರದು, ನೆನೆದ ಕಂಬಳಿ ಉಜ್ಜಬಾರದು, ಉಂಬಳ (ಜಿಗಣೆ) ಹತ್ತಬಾರದು. ತೋಟದಲ್ಲಿ ಓಡಾಡುವವನಿಗೆ ಕೊನೆಯದಂತೂ ಆಗದ ಮಾತು. ಹಾಗಾಗಿ ಎರಡನೇ ಔಷಧಿ ಮುಗಿದ ಮೇಲೆ, ಮಘೆ ಮಳೆ ಹೊತ್ತಿಗೆ, ಅಂದರೆ ಆಗಸ್ಟ್ ಎರಡನೇ ಅರ್ಧದಲ್ಲಿ, ಮೊದಲ ಸಿಟ್ಟಿಂಗ್ ಇಟ್ಟುಕೊಳ್ಳಿ. ಎರಡು ವಾರ ಮನೆಯಲ್ಲಿ ಲೆಕ್ಕಪತ್ರ ನೋಡಿ. ಎರಡನೆಯದು ಅಕ್ಟೋಬರ್ ಮಧ್ಯದೊಳಗೆ, ಕೊಯ್ಲಿನ ಗಡಿಬಿಡಿ ಏರುವ ಮುಂಚೆ. ಆಮೇಲೆ ಕೊಯ್ಲು, ಸುಲಿಯೋದು, ಬೇಯಿಸೋದು, ಅಂಗಳದಲ್ಲಿ ಬಿಸಿಲಿಗೆ ಹರವೋದು. ಆ ದಿನಗಳಲ್ಲಿ ಸಿಟ್ಟಿಂಗ್ ಬೇಡವೇ ಬೇಡ. ಎಂಟು ವಾರ ಹದಿನಾರು ವಾರವಾದರೆ ಏನೂ ನಷ್ಟ ಇಲ್ಲ, ಮೈ ತನ್ನ ಪಾಡಿಗೆ ಪುಡಿ ಸಾಗಿಸುತ್ತಲೇ ಇರುತ್ತೆ.

ಅಂದರೆ ಮಾರ್ಗಶಿರದ ಮದುವೆ ಹೊತ್ತಿಗೆ ನಿಮ್ಮ ಕೈ ಮೇಲೆ ಅರ್ಧ ಮಾಸಿದ ಕಪ್ಪು-ಬಸಿ ಇರುತ್ತೆ, ಬಹುಶಃ ಸುತ್ತ ಒಂದಿಷ್ಟು ಕಪ್ಪು ನೆರಳಿನ ಜೊತೆಗೆ. ಮದುವೆಗೆ ಒಂದು ತಿಂಗಳು ಮುಂಚೆ ಯಾವ ಕಾರಣಕ್ಕೂ ಲೇಸರ್ ಮಾಡಿಸಬೇಡಿ. ಧಾರೆಗೆ ಜುಬ್ಬಾ ಹಾಕಿಕೊಳ್ಳಿ, ಬರೀ ಮೈಯಲ್ಲೇ ಕೂರಬೇಕಾದ ಶಾಸ್ತ್ರ ಇದ್ದರೆ ಶಲ್ಯ ಹೊದ್ದುಕೊಳ್ಳಿ, ಅದೂ ಆಗದಿದ್ದರೆ ಕಾಣಿಸಲಿ. ಆ ದಿನ ಜನ ನೋಡುವುದು ನಿಮ್ಮ ತಂಗಿಯನ್ನ, ಆಮೇಲೆ ಊಟದ ಎಲೆಯನ್ನ. ಮುಹೂರ್ತಕ್ಕೆ ಕೈ ಹೊಂದಿಸೋಕೆ ಹೋಗಿ ಹುಲಿ ಹಾಕಿಸಿಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. 2017ರಲ್ಲೂ ಒಂದು ಉದ್ಘಾಟನೆಗೆ ಹೊಂದಿಸಿಯೇ ಅಲ್ವಾ ಹಾಕಿಸಿದ್ದು?

ಎಲ್ಲಿ ಮಾಡಿಸಬೇಕು ಅಂದರೆ, ಚರ್ಮರೋಗ ತಜ್ಞರ ಹತ್ತಿರ. ಬ್ಯೂಟಿ ಪಾರ್ಲರಿನಲ್ಲಿ ಕೂದಲು ತೆಗೆಯೋಕೆ ಇಟ್ಟಿರುವ, ಜೋರು ಬೆಳಕು ಬಿಡುವ ಐಪಿಎಲ್ ಅನ್ನುವ ಮೆಷೀನು ಲೇಸರ್ರೇ ಅಲ್ಲ, ಟ್ಯಾಟೂ ಮೇಲೆ ಅದನ್ನು ಬಿಟ್ಟರೆ ಸುಡುತ್ತೆ. ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಚೀಟಿ ಮಾಡಿಸಿ ಕೈ ತೋರಿಸಿ ಅಭಿಪ್ರಾಯ ಕೇಳಿ, ನಿಮಗೆ ಏನೂ ಮಾರಬೇಕಾಗಿಲ್ಲದ ಒಬ್ಬ ಡಾಕ್ಟರ ಮಾತು ಮೊದಲು ಕಿವಿಗೆ ಬೀಳಲಿ. ನಿಮ್ಮ ಕಡೆಯವರು ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗುವುದೂ ಇದೆ, ಅಲ್ಲೂ ಕೇಳಬಹುದು. ಯಾವ ಲೇಸರ್, ಎಷ್ಟು ಅಲೆಯುದ್ದ, ನನ್ನಂಥ ಬಣ್ಣದ ಕೈಗೆ ನೀವು ಮಾಡಿದ್ದರ ಮೊದಲಿನ ಮತ್ತು ಆಮೇಲಿನ ಫೋಟೋ ತೋರಿಸಿ, ಇಷ್ಟು ಕೇಳೋಕೆ ಸಂಕೋಚ ಬೇಡ. ಗಾಯವಾದರೆ ಉಬ್ಬಿಕೊಳ್ಳುವ ಚರ್ಮವಾ ನಿಮ್ಮದು ಅಂತ ಅವರು ಕೇಳಬೇಕು. ಕೇಳದಿದ್ದರೆ ಆ ಉಂಗುರದ ಉಬ್ಬನ್ನು ನೀವೇ ಮುಟ್ಟಿಸಿ ತೋರಿಸಿ. ಎಂಟು ಸಿಟ್ಟಿಂಗಿನ ದುಡ್ಡು ಮುಂಗಡ ಕಟ್ಟಬೇಡಿ, ರಿಯಾಯಿತಿ ಎಷ್ಟೇ ಇರಲಿ. ಎಂಟು ಅನ್ನುವುದು ಅಂದಾಜು. ಐದಕ್ಕೆ ಸಾಕಾಗಬಹುದು, ಹತ್ತಾದರೂ ಎಲೆ ಹೋಗದಿರಬಹುದು. ಮುಂಗಡ ಕಟ್ಟಿದವನಿಗೆ ಮಧ್ಯದಲ್ಲಿ ನಿಲ್ಲಿಸುವ ಮನಸ್ಸು ಬರುವುದಿಲ್ಲ, ನಿಲ್ಲಿಸಲು ಆಗುವುದೇ ಲೇಸರಿನ ದೊಡ್ಡ ಅನುಕೂಲ ಅಂತ ಆಗಲೇ ಹೇಳಿದೆನಲ್ಲ. ಇನ್ಶೂರೆನ್ಸ್ ಕೈಗೆ ಬರುತ್ತೆ ಅಂತ ಕಾಯಬೇಡಿ, ಇದನ್ನು ಅವರು ಸೌಂದರ್ಯದ ಲೆಕ್ಕಕ್ಕೆ ಹಾಕುತ್ತಾರೆ.

ನೋವಿನ ಬಗ್ಗೆ ಒಂದೇ ಮಾತು. ಮುಂಚೆ ಮರಗಟ್ಟುವ ಕ್ರೀಮು ಹಚ್ಚಿ ಒಂದು ಗಂಟೆ ಬಿಡುತ್ತಾರೆ, ಆದರೂ ಚುರ್ ಅನ್ನುತ್ತೆ, ಕೆಲವು ನಿಮಿಷದಲ್ಲಿ ಮುಗಿಯುತ್ತೆ. ಬೆಳಕು ಬಿದ್ದ ಜಾಗ ತಕ್ಷಣ ಬೆಳ್ಳಗಾಗುತ್ತೆ. ಹೋಗೇಬಿಡ್ತು ಅಂತ ಖುಷಿಪಡಬೇಡಿ, ಅದು ಚರ್ಮದೊಳಗೆ ಎದ್ದ ಆವಿ, ಸ್ವಲ್ಪ ಹೊತ್ತಿಗೆ ಇಳಿದು ಲೋಗೋ ಮತ್ತೆ ಕಾಣುತ್ತೆ.

ಮೂರು ಸಿಟ್ಟಿಂಗ್ ಆದ ಮೇಲೆ ಹಗಲು ಬೆಳಕಲ್ಲಿ ಕೈ ನೋಡಿಕೊಳ್ಳಿ. ಉಂಗುರ ಬೂದಿ ಬಣ್ಣಕ್ಕೆ ಬಂದು, ಜನ ಕೇಳುವುದು ನಿಂತು, ನೀವು ಅರ್ಧ ತೋಳಿನ ಅಂಗಿ ಹಾಕಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಹೋಗಲೇಬೇಕು ಅನ್ನಿಸಿದರೆ ಮುಂದುವರಿಸಿ. ಎಲೆ ಮಾತ್ರ ಹಠ ಹಿಡಿದು ಉಳಿದಿದ್ದರೆ ಆಗ ಕವರಪ್ ಯೋಚಿಸಿ, ಕೊನೇ ಲೇಸರಿನಿಂದ ಎರಡು ಮೂರು ತಿಂಗಳು ಬಿಟ್ಟು. ಅಷ್ಟು ಹೊತ್ತಿಗೆ ಕೈ ಮೇಲೆ ಮಾಸಿದ ಗುರುತಷ್ಟೇ ಇರುವುದರಿಂದ ಹುಲಿಯೇ ಬೇಕಂತಿಲ್ಲ, ಒಂದು ಜರಿಗಿಡದ ಎಲೆಯೋ ಅಡಿಕೆ ಸಿಂಗಾರವೋ ಸಾಕು, ಚಿಕ್ಕದಾಗಿ. ಕೆಳಗೆ ಹಳೆಯದು ಏನೂ ಇಲ್ಲದಿದ್ದರೂ ಆ ಚಿತ್ರ ಹಾಕಿಸಿಕೊಳ್ಳುತ್ತಿದ್ದಿರಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಅದೂ ಬೇಡ.

ಆ ಗೆಳೆಯನ ಕೈ ಮೇಲೂ ಇದೇ ಇದೆಯಲ್ಲ, ಅವನೇನು ಮಾಡಿಕೊಂಡನೋ ಅಂತ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ವಿಚಾರಿಸೋಕೆ ಹೋಗಬೇಡಿ.

ಕೊನೆಗೆ, ಇದೆಲ್ಲ ಮಾಡಿಸಿದರೆ ರಕ್ತ ಕೊಡಬಹುದಾ ಅನ್ನುವ ಪ್ರಶ್ನೆ, ಪತ್ರದ ಹಿಂದಿನ ಪುಟದಲ್ಲಿ ಕೇಳಿದ್ದು. ಕವರಪ್ ಅಂದರೆ ಹೊಸ ಟ್ಯಾಟೂನೇ, ಹಾಕಿಸಿದ ದಿನದಿಂದ ಹನ್ನೆರಡು ತಿಂಗಳು ರಕ್ತ ಕೊಡುವ ಹಾಗಿಲ್ಲ, ನಮ್ಮ ದೇಶದ ನಿಯಮವೇ ಹಾಗಿದೆ. ಲೇಸರ್ ಮಾಡಿಸಿದರೆ ಗಾಯ ಪೂರ್ತಿ ಮಾಯುವವರೆಗಂತೂ ಬೇಡ, ಆಮೇಲೆ ಹೋದಾಗ ಫಾರಂ ತುಂಬುವ ಮುಂಚೆ ಬ್ಲಡ್ ಬ್ಯಾಂಕಿನ ಡಾಕ್ಟರಿಗೆ ಕೈ ತೋರಿಸಿ, ಯಾವತ್ತು ಮಾಡಿಸಿದ್ದು ಅಂತ ಹೇಳಿ. ವರ್ಷಕ್ಕೆರಡು ಸಲ ಕೊಡುವವರು ನೀವು. ಎರಡನೇ ಔಷಧಿ ಮುಗಿದ ಕೂಡಲೇ, ಮೊದಲ ಸಿಟ್ಟಿಂಗಿಗೆ ಮುಂಚೆ, ಈ ಸಲದ್ದನ್ನು ಕೊಟ್ಟುಬಿಡಿ.